ತಾರ ಷಡ್ಜ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ಬಸವಕಲ್ಯಾಣದ ಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿ ನಾನು. ಈಗ ಏಳು ತಿಂಗಳ ಬಸುರಿ. ಕಾಳಿ ನಾಲ್ಕರಲ್ಲಿ (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ ಶ್ರುತಿ) ಸಲೀಸಾಗಿ ವಚನ ಹಾಡುತ್ತಿದ್ದವಳಿಗೆ ಈಗ ತಾರ ಷಡ್ಜ, ಅಂದರೆ ಮೇಲಿನ ‘ಸ’, ಮುಟ್ಟುವಷ್ಟರಲ್ಲಿ ದಮ್ಮು ಮುಗಿಯುತ್ತದೆ. ಬೆಳಿಗ್ಗೆ ದನಿ ಒಡೆದಿರುತ್ತದೆ. ದಿನವಿಡೀ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡರೂ ಗುಣವಿಲ್ಲ. ಹಾಡಿದರೆ ಮಗುವಿಗೆ ದಣಿವು ಎಂದು ಅತ್ತೆ ಗದರುತ್ತಾರೆ. ನನ್ನ ದನಿ ಹೋಯಿತೇ?
– ಹೆಸರು ಬೇಡ, ಬೀದರ್ ಜಿಲ್ಲೆ

ಉತ್ತರ: ಮೊದಲು ಆ ಜ್ಯೇಷ್ಠಮಧುವನ್ನು ಉಗಿದುಬಿಡಿ, ತಂಗಿ. ಅದರಲ್ಲಿರುವ ಗ್ಲಿಸಿರೈಜಿನ್ ರಕ್ತದೊತ್ತಡ ಏರಿಸಬಲ್ಲದು. ಬಸುರಿನಲ್ಲಿ ಅದು ಬೇಡವೇ ಬೇಡ. ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಬರುವ ಬಸುರಿ ಗಾಯಕಿಯರ ಕೈಚೀಲವನ್ನು ನಾನು ಮೊದಲು ನೋಡುವುದು ಇದಕ್ಕಾಗಿಯೇ. ಇಷ್ಟು ದಿನ ತಿಂದದ್ದನ್ನು ನಿಮ್ಮ ಹೆರಿಗೆ ವೈದ್ಯರಿಗೂ ತಿಳಿಸಿ.

ದನಿ ಎಲ್ಲಿಗೂ ಹೋಗಿಲ್ಲ. ಗರ್ಭಕೋಶ ಬೆಳೆದಂತೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ಸರಿಯುತ್ತದೆ. ಪಕ್ಕೆಲುಬುಗಳು ಅಗಲವಾಗಿ ಆ ನಷ್ಟವನ್ನು ಒಂದಿಷ್ಟು ತುಂಬಿಕೊಡುತ್ತವೆ, ನಿಜ. ಆದರೆ ಉದ್ದನೆಯ ಆಲಾಪಕ್ಕೆ ಒತ್ತು ಕೊಡುತ್ತಿದ್ದ ಹೊಟ್ಟೆಯ ಸ್ನಾಯುಗಳು ಹಿಗ್ಗಿ ಸೋತಿರುತ್ತವೆ. ಜೊತೆಗೆ ಪಾದ ಊದಿಕೊಳ್ಳುವಂತೆ ಧ್ವನಿತಂತುಗಳೂ ಹಾರ್ಮೋನುಗಳಿಂದ ನೀರು ಹಿಡಿದು ದಪ್ಪವಾಗಬಹುದು. ದಪ್ಪ ತಂತು ವೇಗವಾಗಿ ಕಂಪಿಸಲಾರದು, ಮೇಲಿನ ಸ್ವರ ಜಾರುತ್ತದೆ.

ಬೆಳಗಿನ ಒಡಕು ದನಿಗೆ ನನ್ನ ಅನುಮಾನ ರಾತ್ರಿಯ ಊಟದ ಮೇಲೆ. ಬಸುರಿನಲ್ಲಿ ಹೆಚ್ಚುವ ಪ್ರೊಜೆಸ್ಟೆರಾನ್ ಹಾರ್ಮೋನು ಅನ್ನನಾಳದ ಕೆಳಗಿನ ಬಿಗಿತವನ್ನು ಸಡಿಲಿಸುತ್ತದೆ. ಜೋಳದ ರೊಟ್ಟಿ, ಖಾರದ ಎಣ್ಣೆಗಾಯಿ ಉಂಡು ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿನವರೆಗೂ ಬರುತ್ತದೆ. ಎದೆ ಉರಿಯಲೇಬೇಕೆಂದಿಲ್ಲ. ಎಣ್ಣೆಗಾಯಿ ಬಿಡಿ ಎಂದರೆ ನಮ್ಮ ಕಡೆ ಯಾರೂ ಕೇಳುವುದಿಲ್ಲ, ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಮಲಗುವುದಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿಸಿ, ತಲೆಯ ಕಡೆ ಎತ್ತರಿಸಿ ಎಡಮಗ್ಗುಲಿಗೆ ಮಲಗಿ.

ಶ್ರುತಿಯನ್ನು ಕಾಳಿ ಮೂರಕ್ಕೆ ಇಳಿಸಿ, ಸಾಲದಿದ್ದರೆ ಇನ್ನೂ ಕೆಳಗೆ. ಸಾಲನ್ನು ತುಂಡು ಮಾಡಿ ಉಸಿರೆಳೆದುಕೊಳ್ಳಿ. ತರಗತಿಯಲ್ಲಿ ಕೂಗುವುದು ಮಾತ್ರ ಬೇಡ. ಈಗ ತಂತುಗಳ ಸಣ್ಣ ರಕ್ತನಾಳಗಳು ಹಿಗ್ಗಿರುತ್ತವೆ, ಒಡೆಯುವ ಭಯವಿದೆ. ಹಾಡುವಾಗ ದನಿ ತಟ್ಟನೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಪಿಸುಮಾತನ್ನೂ ಆಡದೆ ಗಂಟಲು ವೈದ್ಯರ ಬಳಿಗೆ ಹೋಗಿ. ಕ್ಯಾಮೆರಾದಲ್ಲಿ ಗಂಟಲು ನೋಡುವುದು ಎಕ್ಸ್‌-ರೇ ಅಲ್ಲ, ಮಗುವಿಗೆ ತೊಂದರೆಯಿಲ್ಲ.

ಅತ್ತೆ-ಸೊಸೆಯರ ನಡುವೆ ಬರುವುದು ನನ್ನ ಕೆಲಸವಲ್ಲ. ಆದರೂ ಹೇಳುತ್ತೇನೆ: ನೀವು ಹಾಡಿದರೆ ಮಗು ದಣಿಯುವುದಿಲ್ಲ, ಕೇಳಿಸಿಕೊಳ್ಳುತ್ತದೆ. ಹುಟ್ಟಿ ಮೂರು ದಿನ ತುಂಬದ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುವುದನ್ನು 1980ರಲ್ಲಿಯೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಹೆರಿಗೆಯಾದ ಮೇಲೂ ದನಿ ತುಸು ತಗ್ಗಬಹುದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ 2018ರ ಅಧ್ಯಯನದಲ್ಲಿ ತಾಯಂದಿರ ಮಾತಿನ ಸ್ಥಾಯಿ ಸರಾಸರಿ 15 ಹರ್ಟ್ಸ್‌ನಷ್ಟು ಇಳಿದು, ವರ್ಷದ ಬಳಿಕ ಮರಳಿತ್ತು. ಗಾಬರಿ ಬೇಡ. ಸಿಸೇರಿಯನ್ ಆದರೆ ವೈದ್ಯರು ಒಪ್ಪುವವರೆಗೆ ಜೋರಾಗಿ ಹಾಡಬೇಡಿ.

ಬಾಣಂತನಕ್ಕೆ ತವರಿಗೆ ಹೋಗುತ್ತೀರಲ್ಲ, ಅಲ್ಲಿ ಹೊರಸಿನ ಕೆಳಗೆ ಕೆಂಡವಿಟ್ಟು ಲೋಬಾನದ ಹೊಗೆ ಹಾಕಲು ಬಂದರೆ ಬೇಡವೆನ್ನಿ. ನಿಮ್ಮ ಗಂಟಲಿಗೂ ಮಗುವಿನ ಶ್ವಾಸಕೋಶಕ್ಕೂ ಅದು ಕೆಟ್ಟದ್ದು. ನಿಮ್ಮ ತಾಯಿ ಒಪ್ಪದಿದ್ದರೆ ಈ ಪುಟವನ್ನೇ ತೋರಿಸಿ.