ಸರ್ಫಿಂಗ್ ಗೊತ್ತಿಲ್ಲದೆ ಸರ್ಫಿಂಗ್ ಪುಸ್ತಕ ಓದುವುದು

ಸರ್ಫಿಂಗ್ (ಹಲಗೆ ಮೇಲೆ ನಿಂತು ಕಡಲಲೆ ಸವಾರಿ) ಮಾಡುತ್ತಾ ದೇಶ ಸುತ್ತಿದವರ ಕಥನ ಓದಲು ಕೂತು 40ನೇ ಪುಟದಲ್ಲೇ ನಿಂತಿದ್ದೀನಿ ಅಂದಿರಲ್ಲ, ಕಾರಣ ಬಹುಶಃ ಅಲೆಯ ಪದಗಳು. ಪುಟಕ್ಕೊಂದು ಸ್ವೆಲ್, ರೀಫ್, ಆಫ್‌ಶೋರ್. ದಾವಣಗೆರೆಯಲ್ಲಿ ಕುಂದವಾಡ ಕೆರೆಯ ಅಲೆ ಬಿಟ್ಟು ಬೇರೆ ನೋಡದ ನನಗೂ ಅಲ್ಲೇ ತಲೆ ಕೆಟ್ಟಿತ್ತು.

ಮೊದಲು, ಪ್ರತಿ ಪದಕ್ಕೂ ಮೊಬೈಲ್ ತೆಗೆಯುವುದನ್ನು ನಿಲ್ಲಿಸಿ. ಮೂರು ವಿಷಯ ಸಾಕು. ಸ್ವೆಲ್ ಅಂದರೆ ದೂರದ ಕಡಲಲ್ಲಿ ಬಿರುಗಾಳಿ ಎಬ್ಬಿಸಿದ ಅಲೆ, ಅದು ಸಾವಿರಾರು ಕಿಲೋಮೀಟರ್ ಸಾಗಿ ಬಂದು, ಆಳ ಕಡಿಮೆ ಇರುವ ಕಡೆ ವೇಗ ತಗ್ಗಿ, ಎತ್ತರಕ್ಕೆ ಎದ್ದು ಮುರಿಯುತ್ತದೆ. ಅಲ್ಲಿ ತಳದಲ್ಲಿ ಬಂಡೆಯೋ ಹವಳವೋ ಇದ್ದರೆ ರೀಫ್. ಬಿದ್ದರೆ ಮೈಯೆಲ್ಲ ತರಚುತ್ತದೆ, ಅದಕ್ಕೇ ಅಷ್ಟು ಭಯ. ಆಫ್‌ಶೋರ್ ಅಂದರೆ ದಡದಿಂದ ಕಡಲಿನ ಕಡೆ ಬೀಸುವ ಗಾಳಿ, ಅದು ಬಂದರೆ ಅಲೆಯ ಮುಖ ನುಣುಪಾಗಿ ನಿಲ್ಲುತ್ತದೆ, ಸರ್ಫರ್‌ಗಳಿಗೆ ಹಬ್ಬ.

ಆಮೇಲೆ ಹತ್ತು ನಿಮಿಷ ಒಂದು ಸರ್ಫಿಂಗ್ ವಿಡಿಯೋ ನೋಡಿ, ಮಂಗಳೂರು ಹತ್ತಿರದ ನಮ್ಮ ಮೂಲ್ಕಿ ಕಡಲಿನದಾದರೂ ಸರಿ. ನಂತರ ಪುಸ್ತಕದಲ್ಲಿ ಆ ಸರ್ಫರ್‌ಗಳು ಹೊಸ ಊರಿಗೆ ಬಂದಿಳಿಯುವ ಅಧ್ಯಾಯ ಹುಡುಕಿ, ಅಲ್ಲಿಂದ ಶುರು ಮಾಡಿ. ಅಲೆಗಾಗಿ ಕಾಯುವುದು, ಖಾಲಿ ಜೇಬು, ಗೆಳೆಯನ ಜೊತೆ ಮುನಿಸು, ಇದಕ್ಕೆಲ್ಲ ಈಜು ಬರಬೇಕಾಗಿಲ್ಲ ಅಲ್ವಾ? ನಾನು ಓದಿದ್ದು ಬೇರೆ ಪುಸ್ತಕ ಇರಬಹುದು, ಆದರೆ ಸುಮ್ನೆ ತಿರುವಿ ಹಾಕೋಣ ಅಂತ ಕೂತವನು ಮುಂದಿದ್ದ ಬೆಣ್ಣೆದೋಸೆ ತಣ್ಣಗಾಗುವಷ್ಟು ಮುಳುಗಿಬಿಟ್ಟಿದ್ದೆ.

ನಿಮಗೂ ಹಾಗೇ ಆಗುತ್ತದೆ ಅಂತ ಹೇಳಲಾರೆ. ಅದೊಂದು ಅಧ್ಯಾಯ ಓದಿಯೂ ಬೇಜಾರಾದರೆ ಲೈಬ್ರರಿಗೆ ವಾಪಸ್ ಕೊಟ್ಟುಬಿಡಿ.