ಟಿಪ್ಪುವಿನ ನಾಣ್ಯದಲ್ಲಿ ಹುಲಿ ಇದೆಯೇ?

ಓದುಗರ ಪತ್ರ: ಅಜ್ಜನ ಟ್ರಂಕಿನಲ್ಲಿ ಹುಲಿ ಇರುವ 1947ರ ರೂಪಾಯಿ ಸಿಕ್ಕಿತು. ಬೆಳ್ಳಿಯದು ಅಂತ ಪರಿಚಯದವರು ಹೇಳುತ್ತಾರೆ, ಹೌದೇ? ಹುಲಿ ಇರುವ ನಾಣ್ಯ, ಪದಕಗಳನ್ನೇ ಕೂಡಿಡುವ ಆಸೆ ಬಂದಿದೆ. ಟಿಪ್ಪುವಿನ ಹುಲಿ ನಾಣ್ಯ ಎಲ್ಲಿ ಸಿಗುತ್ತದೆ?
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ಮೊದಲು ಆ ರೂಪಾಯಿಯ ವಿಷಯ. ಅದು ನಿಕ್ಕಲ್. ಮ್ಯಾಗ್ನೆಟ್ ಹತ್ತಿರ ಹಿಡಿಯಿರಿ, ಟಕ್ಕಂತ ಅಂಟಿಕೊಳ್ಳುತ್ತದೆ. ಬೆಳ್ಳಿಯಾಗಿದ್ದರೆ ಅಂಟುತ್ತಿರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿಗೆ ತತ್ವಾರ ಬಂದಿತ್ತು. ಹಾಗಾಗಿ 1946ರಿಂದ ನಾಲ್ಕಾಣೆ, ಎಂಟಾಣೆಗಳನ್ನೂ 1947ರಲ್ಲಿ ರೂಪಾಯಿಯನ್ನೂ ನಿಕ್ಕಲ್‌ನಲ್ಲಿ ಹೊಡೆದರು. ಒಂದು ಕಡೆ ಆರನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಕಡೆ ಹೆಜ್ಜೆ ಹಾಕುತ್ತಿರುವ ಹುಲಿ. ಮೂರೂ ಸೇರಿದರೆ ಚೆಂದದ ಸೆಟ್. ಶುರು ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬರಬಹುದು, ಆದರೆ ಗೀರು ಬೀಳುತ್ತದೆ, ಬೆಲೆಯೂ ಇಳಿಯುತ್ತದೆ.

ಇನ್ನು ಟಿಪ್ಪು. ಅವನ ಸಿಂಹಾಸನದಲ್ಲಿ ಹುಲಿ, ಫಿರಂಗಿಯಲ್ಲಿ ಹುಲಿ, ಸಿಪಾಯಿಗಳ ಬಟ್ಟೆಯ ಮೇಲೂ ಹುಲಿಪಟ್ಟೆ. ಆದರೆ ತಾಮ್ರದ ಕಾಸಿನ ಮೇಲಿರುವುದು ಆನೆ! ಚಿನ್ನ, ಬೆಳ್ಳಿಯ ನಾಣ್ಯಗಳಲ್ಲಿ ಬರೀ ಪರ್ಷಿಯನ್ ಬರಹ. 'ಟಿಪ್ಪುವಿನ ಹುಲಿ ನಾಣ್ಯ' ಅಂತ ಯಾರಾದರೂ ಮಾರಲು ಬಂದರೆ ಸುಮ್ನೆ ಎದ್ದು ಬನ್ನಿ.

ಟಿಪ್ಪುವಿನ ಹುಲಿ ಇರುವುದು ಅವನನ್ನು ಸೋಲಿಸಿದವರ ಪದಕದಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತಲ್ವಾ, ಅದರ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು. ಕೆತ್ತಿದವನು ಕೂಖ್ಲರ್, ಅಚ್ಚು ಹಾಕಿದ್ದು ಬರ್ಮಿಂಗ್‌ಹ್ಯಾಮ್‌ನ ಸೋಹೊ ಟಂಕಸಾಲೆ. ದರ್ಜೆಗೆ ತಕ್ಕಂತೆ ಚಿನ್ನ, ಬೆಳ್ಳಿ, ಕಂಚು, ತವರದಲ್ಲಿ ಹಂಚಿದರು. ಭೂತಗನ್ನಡಿ ಹಿಡಿದು ನೋಡಿ: ಬ್ರಿಟನ್ನಿನ ಸಿಂಹ ಮೇಲೆ ಬಿದ್ದಿದೆ, ಹುಲಿ ಅಂಗಾತವಾಗಿ ಕೆಳಗೆ ಸಿಕ್ಕಿಕೊಂಡಿದೆ. ಮೇಲಿನ ಬಾವುಟದಲ್ಲಿ 'ದೇವರ ಸಿಂಹವೇ ಗೆಲ್ಲುವುದು' ಎನ್ನುವ ಅರಬ್ಬಿ ಮಾತು. ಹಿಂಬದಿಯಲ್ಲಿ ಕೋಟೆಗೆ ನುಗ್ಗುತ್ತಿರುವ ಸೈನ್ಯ. ನಮ್ಮ ನಾಡಿನವರಿಗೆ ನೋಡಲು ಸಂಕಟವಾಗುತ್ತದೆ. ಆದರೂ ನಿಮ್ಮ ಸಂಗ್ರಹದಲ್ಲಿ ಇದಕ್ಕೆ ಜಾಗ ಇರಲೇಬೇಕು ಎನ್ನುತ್ತೇನೆ. ನಾಣ್ಯ, ಪದಕದ ಹುಲಿಯನ್ನು ಕಂಡಾಗಲೆಲ್ಲ, ಹೊಡೆಸಿದವರು ಯಾರು, ಯಾರ ಬಗ್ಗೆ ಎಂದು ಕೇಳಿಕೊಂಡರೆ ಅರ್ಧ ಚರಿತ್ರೆ ತಿಳಿದಂತೆ. ಅಸಲಿ ಸೋಹೊ ಪದಕದ ಅಗಲ ಸುಮಾರು 48 ಮಿಲಿಮೀಟರ್. ನಕಲುಗಳ ಕಾಟ ಜಾಸ್ತಿ, ತಿಳಿದವರಿಗೆ ತೋರಿಸದೆ ದುಡ್ಡು ಕೊಡಬೇಡಿ.

ಹಳೆಯದರಲ್ಲಿ ಸಮುದ್ರಗುಪ್ತನ ಚಿನ್ನದ ನಾಣ್ಯವಿದೆ. ಅದರಲ್ಲಿ ರಾಜನೇ ಬಿಲ್ಲು ಹಿಡಿದು ಹುಲಿ ಬೇಟೆಗೆ ನಿಂತಿದ್ದಾನೆ. ಚೋಳರ ನಾಣ್ಯದಲ್ಲಿ ಹುಲಿ ಕುಳಿತಿದೆ, ಪಕ್ಕದಲ್ಲಿ ಪಾಂಡ್ಯರ ಲಾಂಛನವಾದ ಮೀನು. ಇವನ್ನೆಲ್ಲ ಮ್ಯೂಸಿಯಂನಲ್ಲಿ ನೋಡಿದರೆ ಸಾಕು.

ಕೈಗೆಟುಕುವ ಹೊಸದು ಬೇಕೆಂದರೆ, ಹುಲಿಗಳನ್ನು ಉಳಿಸುವ ಸರ್ಕಾರದ 'ಪ್ರಾಜೆಕ್ಟ್ ಟೈಗರ್' ಯೋಜನೆಗೆ 50 ವರ್ಷ ತುಂಬಿದ ನೆನಪಿಗೆ 2023ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲೇ ಬಿಡುಗಡೆಯಾದ 50 ರೂಪಾಯಿಯ ನಾಣ್ಯವಿದೆ. ಯಾವುದೇ ಕೊಂಡರೂ ರಸೀದಿ ಕೇಳಿ ಇಟ್ಟುಕೊಳ್ಳಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಉಡುಗೊರೆ ಅಂತ ಕಳಿಸುವ ಹಾಗಿಲ್ಲ.