ತವರಲ್ಲಿದ್ದೀನಿ, ಆದ್ರೆ ಲೆಕ್ಕಕ್ಕಿಲ್ಲ

ಪ್ರಶ್ನೆ: ಮೇಡಂ, ನಮ್ದು ತೀರ್ಥಹಳ್ಳಿ ಕಡೆ. ಗಂಡನ ಹೊಡೆತ ತಡೀಲಾರ್ದೆ ತವರಿಗೆ ಬಂದೆ, ಅಪ್ಪ ಇಲ್ಲ. ಅಡಿಕೆ ಸುಲಿಯೋ ಟೈಮಲ್ಲಿ ನಡುರಾತ್ರಿ ತನಕ ಮೆಟ್ಟುಗತ್ತಿ ಮುಂದೆ ಕೂತಿರ್ತೀನಿ, ಆದ್ರೂ ಅತ್ತಿಗೆ ನೆಂಟರೆದುರೇ "ಕೂತು ತಿನ್ನೋರು" ಅಂತಾರೆ. ಈಗ ಅಣ್ಣ ಆಸ್ತಿಯ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕು ಅಂತಿದಾನೆ. ಬೇಡ ಅಂದ್ರೆ ನಾನು ಸ್ವಾರ್ಥಿನಾ?

ಉತ್ತರ: ಖಂಡಿತ ಅಲ್ಲ ತಂಗಿ. ಹೊರಗಿನೋರು ಬಂದು ಸುಲಿದ್ರೆ ಎಣಿಸಿ ಕೂಲಿ ಕೊಡ್ತಾರೆ, ನೀವು ಮನೆಮಗಳು ಅಂತ ಪುಕ್ಕಟೆ, ಅದ್ರ ಮೇಲೆ ಮಾತು ಬೇರೆ! ಈ ಸಲದಿಂದ ಕೂಲಿ ಕೇಳಿ, ನಿಮ್ಮದೇ ಬ್ಯಾಂಕ್ ಅಕೌಂಟಿಗೆ ಹಾಕಿಸ್ಕೊಳ್ಳಿ, ಕೇಳುವಾಗ ನಾಲಿಗೆ ತಡವರಿಸುತ್ತೆ, ಪರವಾಗಿಲ್ಲ ಕೇಳಿ. ಸೈನ್ ಮಾತ್ರ ಅವಸರದಲ್ಲಿ ಹಾಕ್ಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರ್ಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ, ಆದ್ರೆ 2004ರ ಡಿಸೆಂಬರ್ 20ಕ್ಕೆ ಮುಂಚೆನೇ ರಿಜಿಸ್ಟರ್ ಪಾಲಾಗಿದ್ರೆ ಕಥೆ ಬೇರೆ. ರಾತ್ರಿ ನಿದ್ದೆ ಬರ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಫ್ರೀಯಾಗಿ ವಕೀಲರ ನೆರವು ಸಿಗುತ್ತೆ, ಹೋಗುವಾಗ ಆ ಪತ್ರದ ಜೆರಾಕ್ಸ್, ತೋಟದ ಪಹಣಿ ಎರಡೂ ಇಟ್ಕೊಂಡು ಹೋಗಿ.